ಫಿಜಿಯಲ್ಲೊಂದು ಮನೆ ನೋಡುವ ಶಾಸ್ತ್ರ

ಕಳೆದ ಭಾನುವಾರ ನಾನು ಪೆಸಿಫಿಕ್ ಮಹಾಸಾಗರವನ್ನು ಒಂದು ಬಿಳಿ ಪಂಚೆಯ ಮೇಲೆ ನೋಡಿದೆ.

ಕಾಮಸಮುದ್ರದಿಂದ ಆಟೊದಲ್ಲಿ ತುಸು ದೂರ ಹೋದರೆ ಸಿಗುವ ಹಳ್ಳಿ. ನನ್ನ ಚಿಕ್ಕಮ್ಮನ ಮಗಳು ವೆಂಕಟಲಕ್ಷ್ಮಿಯ ಮನೆ. ನಡುಮನೆಯ ಕಿಟಕಿಗಳಿಗೆ ಗೋಣಿಚೀಲ ಸಿಕ್ಕಿಸಿ ಹಗಲನ್ನು ಹೊರಗಿಟ್ಟಿದ್ದರು. ಗೋಡೆಗೆ ಒಗೆದು ಇಸ್ತ್ರಿ ಮಾಡಿದ ಪಂಚೆ. ಅದರ ಮೇಲೆ ಪ್ರೊಜೆಕ್ಟರಿನಿಂದ ಇಳಿದು ಬಂದ ನೀಲಿ ಸಮುದ್ರ, ಬಿಳಿ ಮರಳು, ಬಾಗಿದ ತೆಂಗಿನಮರ. ಹಿತ್ತಲಲ್ಲಿ ಸೀಮೆಹಸು ಕೂಗಿದಾಗಲೆಲ್ಲ ಸಮುದ್ರವೇ ಕೂಗಿದಂತೆ ಕೇಳುತ್ತಿತ್ತು.

ಪ್ರೊಜೆಕ್ಟರ್ ತಂದವನು ಒಬ್ಬ ದಲ್ಲಾಳಿ. ಬಂಗಾರಪೇಟೆಯಲ್ಲಿ ಅವನದೊಂದು ಟ್ರಾವೆಲ್ಸ್ ಆಫೀಸು ಇದೆ. ತಿರುಪತಿಗೆ ಬಸ್ಸು, ಊಟಿಗೆ ಟೆಂಪೊ, ಈಗ ಸಮುದ್ರದಾಚೆಗೆ ಹೆಣ್ಣು. (ಅವನ ಹೆಸರು ಬರೆಯಲು ನನ್ನ ವಕೀಲ ಗೆಳತಿ ಬಿಡುತ್ತಿಲ್ಲ. ಊರಿನವರು ಅವನನ್ನು ‘ಟ್ರಾವೆಲ್ಸ್ ಸಾರ್’ ಎನ್ನುತ್ತಾರೆ. ನಾನು ದಲ್ಲಾಳಿ ಎಂದೇ ಬರೆಯುತ್ತೇನೆ.)

ವೆಂಕಟಲಕ್ಷ್ಮಿಯ ಮಗಳು ಪವಿತ್ರಾಗೆ ಫಿಜಿ ದೇಶದ ಸಂಬಂಧ ಬಂದಿತ್ತು. ಅಂದು ಹನ್ನೊಂದು ಗಂಟೆಗೆ ಹುಡುಗನ ವಿಡಿಯೊ ಕಾಲ್. ಒಪ್ಪಿಗೆಯಾದರೆ ಹುಡುಗನ ಪರವಾಗಿ ದಲ್ಲಾಳಿಯೇ ತಾಂಬೂಲ ಬದಲಾಯಿಸಿಕೊಳ್ಳುವುದು, ಮುಂದಿನ ತಿಂಗಳು ಹುಡುಗ ಬಂದು ತಾಳಿ ಕಟ್ಟಿ ಕರೆದುಕೊಂಡು ಹೋಗುವುದು. ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆ ದೇವರ ಮನೆಯ ಹೊಸ್ತಿಲ ಪಕ್ಕ ಸಿದ್ಧವಾಗಿ ಕುಳಿತಿತ್ತು.

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿರುವ ನನಗೆ ಕರೆ ಬಂದದ್ದು ಸಲಹೆಗಾಗಿ ಅಲ್ಲ. ಪವಿತ್ರಾಳ ಅಪ್ಪ ಮುನಿರಾಜು ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದ್ದ.

“ಅಕ್ಕಾ, ಉಡುಗ ಇಂಗ್ಲಿಷ್ನಾಗೆ ಮಾತಾಡ್ತಾನಂತೆ. ನೀವು ಬಂದು ಅವ್ನು ಏನಂದ ಅಂತ ಒಸಿ ಏಳಿ, ಸಾಕು. ಭಾಷಣ ಬ್ಯಾಡ.”

ಭಾಷಣ ಬೇಡ ಎಂಬ ಷರತ್ತಿನ ಮೇಲೆ ಕರೆಸಿಕೊಳ್ಳುವುದು ನನಗೆ ಹೊಸದಲ್ಲ. ಹೋದೆ.

ಒಳಗೆ ಕಾಲಿಡುವ ಮೊದಲೇ ಪವಿತ್ರಾ ನನ್ನನ್ನು ಕೊಟ್ಟಿಗೆಯ ಕಡೆಗೆ ಎಳೆದುಕೊಂಡು ಹೋದಳು. ಊರಿನ ಡೈರಿಯಲ್ಲಿ ಹಾಲಿನ ಫ್ಯಾಟು ಅಳೆಯುವ ಕೆಲಸ ಅವಳದು. ಡಿಗ್ರಿ ಮುಗಿಸಿದ್ದಾಳೆ. ಕೈಯಲ್ಲಿ ಆಗ ತಾನೆ ಹಾಕಿಸಿಕೊಂಡ ಮೆಹೆಂದಿ ಇತ್ತು.

“ದೊಡ್ಡಮ್ಮ, ನಂಗೆ ಓಗೋ ಆಸೆ ಐತೆ. ಸುಳ್ಳೇಳಲ್ಲ. ಸಮುದ್ರಾನೇ ನೋಡಿಲ್ಲ ನಾನು. ಫೋನ್ನಾಗೆ ಅರ್ಧಂಬರ್ಧ ಇಂಗ್ಲಿಷ್ನಾಗೆ ಮಾತಾಡಿದ್ದೀನಿ, ಮರ್ವಾದೆಯಾಗೇ ಮಾತಾಡ್ದ. ಆದ್ರೆ ಭಯಾನೂ ಐತೆ. ನೀವು ಬ್ಯಾಡ ಅನ್ನೋಕೇ ಬಂದು ಬ್ಯಾಡ ಅನ್ಬೇಡಿ. ನೋಡಿ ಏಳಿ.”

“ಏನನ್ನು ನೋಡಿ ಹೇಳಲಿ?”

ಅವಳು ಕೊಟ್ಟಿಗೆಯ ಕಂಬಕ್ಕೆ ಒರಗಿದಳು.

“ಆ ಮನೆಯಿಂದ ನಾನೊಬ್ಬಳೇ ಎದ್ದು ಬರ್ಬೌದಾ, ಬರಾಕಾಗಲ್ವಾ ಅಂತ.”

ಓದುಗರೇ, ಇಪ್ಪತ್ತು ವರ್ಷಗಳಿಂದ ಮಹಿಳಾ ಹಕ್ಕುಗಳ ಬಗ್ಗೆ ವೇದಿಕೆಗಳಲ್ಲಿ ಮಾತನಾಡುತ್ತಿದ್ದೇನೆ. ಮದುವೆಯ ಬಗ್ಗೆ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಕೇಳಿಲ್ಲ. ಕಾಮಸಮುದ್ರಕ್ಕೆ ಕೊಟ್ಟ ಹೆಣ್ಣಿಗೆ ಕಷ್ಟ ಬಂದರೆ ಒಂದು ಬಸ್ಸಿದೆ, ಒಂದು ರೈಲಿದೆ, ಏನೂ ಇಲ್ಲದಿದ್ದರೆ ಕಾಲುಗಳಿವೆ. ನಡುಗಡ್ಡೆಗೆ ಕೊಟ್ಟ ಹೆಣ್ಣಿಗೆ?

ಒಳಗೆ ದಲ್ಲಾಳಿ ಆರಂಭಿಸಿದ್ದ.

“ಇದು ಫಿಜಿ ದೇಶ. ಮುನ್ನೂರಕ್ಕೂ ಹೆಚ್ಚು ದ್ವೀಪ. ದೊಡ್ಡದು ಎರಡು. ಇದು ವೀಟಿ ಲೇವು. ಇದು ವನುವಾ ಲೇವು. ಇದು ತವೇಯುನಿ, ಹೂವಿನ ದ್ವೀಪ ಅಂತಾರೆ. ಇದು ಯಸಾವಾ. ಇದು ಕಂದಾವು...” ಒಂದೊಂದು ಹೆಸರಿಗೂ ಒಂದೊಂದು ಚಿತ್ರ. ಒಂದು ಹೆಸರಿಗೂ ಅವನ ನಾಲಗೆ ತಡವರಿಸಲಿಲ್ಲ. “ರಾಜಧಾನಿ ಸುವಾ. ಏರ್‌ಪೋರ್ಟು ನಾಂದಿಯಲ್ಲಿ. ಅಲ್ಲಿ ನಮ್ಮ ಸುಬ್ರಹ್ಮಣ್ಯಸ್ವಾಮಿ ಗುಡಿ ಐತೆ, ನೋಡಿ ಗೋಪುರ! ಎದುರಿಗೆ ಸಿಕ್ಕಿದವರಿಗೆಲ್ಲ ‘ಬುಲಾ’ ಅಂತಾರೆ. ನಮ್ಮ ನಮಸ್ಕಾರದ ಹಾಗೆ. ಚಳಿ ಇಲ್ಲ. ಸೆಕೆಯೂ ತಡೆಯೋ ಹಾಗೇ ಇರುತ್ತೆ. ಹುಲಿ ಇಲ್ಲ, ಚಿರತೆ ಇಲ್ಲ, ಆನೆ ಇಲ್ಲ.”

“ಆನೆ ಇಲ್ವಾ?” ಮುನಿರಾಜು ಎದ್ದು ಕುಳಿತ.

“ಒಂದೂ ಇಲ್ಲ.”

ಅಷ್ಟಕ್ಕೆ ಅರ್ಧ ಸಂಬಂಧ ಕುದುರಿತು. ಕಾಡಾನೆಗಳು ಟೊಮೆಟೊ ತೋಟವನ್ನು ಒಂದೇ ರಾತ್ರಿಯಲ್ಲಿ ತುಳಿದು ಹೋದದ್ದನ್ನು ಕಂಡವನಿಗೆ ಸ್ವರ್ಗದ ವಿವರಣೆಯನ್ನು ಇದಕ್ಕಿಂತ ಚಿಕ್ಕದಾಗಿ ಕೊಡಲು ಸಾಧ್ಯವಿಲ್ಲ.

ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಮುನಿರಾಜುವಿನ ತಾಯಿ ಮುನಿಯಮ್ಮನಿಗೆ ಮಾತ್ರ ಸಮಾಧಾನವಿರಲಿಲ್ಲ.

“ಇದೇನ್ಲಾ ಮುನಿರಾಜ, ಆಗ್ಲಿಂದ ಬರೀ ನೀರೇ ತೋರಿಸ್ತಾವ್ನೆ. ಮನೆ ಎಲ್ಲೈತೆ?”

“ಬರುತ್ತೆ ಅಜ್ಜಿ, ಮನೆನೂ ಬರುತ್ತೆ,” ಎಂದ ದಲ್ಲಾಳಿ. ನಗುತ್ತಲೇ ಇನ್ನೊಂದು ರೆಸಾರ್ಟು ತೋರಿಸಿದ.

ನಾನು ಬರುವ ಮುನ್ನ ಮೂರು ದಿನ ಕುಳಿತು ಆ ದೇಶದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ. ಪಂಚೆಯ ಮೇಲೆ ಬಾರದಿದ್ದ ಫಿಜಿಯನ್ನು ಇಲ್ಲಿ ಹೇಳುವುದು ನನ್ನ ಕರ್ತವ್ಯ.

ಪಂಚೆಯ ಮೇಲೆ ಚಂಡಮಾರುತ ಬರಲಿಲ್ಲ. ಅಲ್ಲಿ ನವೆಂಬರಿನಿಂದ ಏಪ್ರಿಲಿನವರೆಗೆ ಅದರದೇ ಕಾಲ. ಅಲ್ಲಿನ ಹೆಚ್ಚಿನ ಭೂಮಿ ಮೂಲ ನಿವಾಸಿಗಳದು. ನ್ಯಾಯವಾಗಿಯೇ ಅವರದು. ಕಬ್ಬು ಬೆಳೆಯುವ ಭಾರತೀಯ ಮೂಲದವರಲ್ಲಿ ಬಹುಪಾಲು ಜನರದು ಗುತ್ತಿಗೆ ಜಮೀನು. ಗುತ್ತಿಗೆ ಮುಗಿದರೆ ಮನೆಯೂ ಅಲುಗಾಡುತ್ತದೆ. ದಲ್ಲಾಳಿ ‘ಇಪ್ಪತ್ತು ಎಕರೆ’ ಎಂದನೇ ಹೊರತು ಯಾರ ಎಕರೆ ಎನ್ನಲಿಲ್ಲ. ಸೈನಿಕ ದಂಗೆಗಳಾದ ಮೇಲೆ ನಮ್ಮ ಮೂಲದ ಸಾವಿರಾರು ಜನ ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಗೆ ಹೊರಟುಹೋದರು. ಹಾಗೆ ಹೋದವರಲ್ಲಿ ಓದಿದ ಹುಡುಗಿಯರೂ ಇದ್ದರು. ಕಬ್ಬಿನ ಗದ್ದೆಯ ನಡುವೆ ಉಳಿದ ಮನೆಗಳಿಗೆ ಸೊಸೆ ಸಿಗುತ್ತಿಲ್ಲ. ಆದ್ದರಿಂದ ‘ಊರ ಕಡೆಯ ಸಂಸ್ಕಾರವಂತ ಹುಡುಗಿ’ ಬೇಕು. ಹಸು ಕರೆಯಲು, ಅತ್ತೆ ಮಾವನ ಕಾಲೊತ್ತಲು, ಎದುರು ಮಾತನಾಡದೆ ಇರಲು ಬರುವವಳನ್ನು ನಮ್ಮ ಸಮಾಜ ಎಷ್ಟು ಗೌರವದ ಪದದಲ್ಲಿ ಸುತ್ತಿ ಕೊಡುತ್ತದೆ ನೋಡಿ.

ಮತ್ತೊಂದು ಸಂಗತಿ. ಬ್ರಿಟಿಷರು ಮದ್ರಾಸಿನ ಬಂದರಿನಿಂದ ಆ ದ್ವೀಪಗಳಿಗೆ ಕೂಲಿಗಳನ್ನು ಹಡಗು ತುಂಬಿಸಿದರು. ಅವರನ್ನು ಇರಿಸಿದ ಸಾಲುಮನೆಗಳಿಗೆ ‘ಲೈನ್’ ಎನ್ನುತ್ತಿದ್ದರು. ನಮ್ಮ ಕೆಜಿಎಫ್‌ನ ಗಣಿ ಕಾರ್ಮಿಕರನ್ನು ಇರಿಸಿದ್ದೂ ‘ಲೈನ್’ಗಳಲ್ಲೇ. ಇಂದಿಗೂ ನಮ್ಮಲ್ಲಿ ವಿಳಾಸ ಕೇಳಿದರೆ ಯಾವ ಲೈನ್ ಎಂದೇ ಕೇಳುತ್ತೇವೆ. ಅದೇ ದೊರೆ, ಅದೇ ಅಳತೆಯ ಕೋಣೆ. ಆ ಹಡಗುಗಳಲ್ಲಿ ಗಂಡಸರ ಅರ್ಧದಷ್ಟೂ ಹೆಂಗಸರಿರಲಿಲ್ಲ. ಲೈನ್‌ಗಳಲ್ಲಿ ಆ ಹೆಂಗಸರು ಪಟ್ಟ ಪಾಡನ್ನು ಬ್ರಿಟಿಷ್ ದೊರೆಗಳು ‘ಹೆಂಗಸರ ಕೊರತೆ’ ಎಂದು ಎರಡು ಪದಗಳಲ್ಲಿ ಬರೆದು ಮುಗಿಸಿದರು. ನೂರು ವರ್ಷಗಳ ಬಳಿಕ ಕೊರತೆ ಮತ್ತೆ ಬಂದಿದೆ. ಈ ಸಲ ಹಡಗಿನ ಬದಲು ಪ್ರೊಜೆಕ್ಟರ್.

(ಒಂದು ತಮಾಷೆ. ಆ ಹಡಗುಗಳಲ್ಲಿ ಒಂದೇ ಪಾತ್ರೆಯಲ್ಲಿ ಉಂಡವರ ನಡುವೆ ಜಾತಿ ಬಹುಮಟ್ಟಿಗೆ ಕರಗಿಹೋಯಿತು. ನಮ್ಮ ನಡುಮನೆಯಲ್ಲಿ ಮೊದಲು ಬಂದ ಪ್ರಶ್ನೆ ಮಾತ್ರ “ಅವ್ರು ನಮ್ಮೋರೇನಾ?” ಎಂಬುದು. ದಲ್ಲಾಳಿ “ಪಕ್ಕಾ ನಮ್ಮೋರೇ” ಎಂದ. ಅಲ್ಲಿ ಕರಗಿದ್ದನ್ನು ಇಲ್ಲಿ ಕೂತು ಎರಕ ಹೊಯ್ದು ಕೊಟ್ಟ.)

ಇದನ್ನೆಲ್ಲ ನಾನು ಆ ಕ್ಷಣವೇ ಹೇಳಬೇಕಿತ್ತು. ಆದರೆ ಭಾಷಣ ಬೇಡ ಎಂದಿದ್ದರು. ನೋಡಿ ಹೇಳಿ ಎಂದು ಪವಿತ್ರಾ ಕೇಳಿದ್ದಳು. ಕಾದೆ.

ಹನ್ನೊಂದಕ್ಕೆ ದಲ್ಲಾಳಿಯ ಫೋನಿಗೆ ಕರೆ ಬಂತು. ಅವನು ಅದನ್ನು ನನ್ನ ಕೈಗಿಟ್ಟ. ಅಲ್ಲಿ ನಮಗಿಂತ ಆರೂವರೆ ಗಂಟೆ ಮುಂದು. ಸಂಜೆ ಐದೂವರೆ. ಹುಡುಗನ ಹೆಸರು ರಾಜೇಶ್. ಲಟೋಕಾ ಪಟ್ಟಣದ ಆಚೆಗೆ ಕಬ್ಬಿನ ತೋಟ. ನಗುಮುಖ, ಮೃದು ಮಾತು. ನನಗೆ ಇಂಗ್ಲಿಷಿನಲ್ಲಿ ‘ಗುಡ್ ಮಾರ್ನಿಂಗ್ ಆಂಟಿ’ ಎಂದ. ಅಜ್ಜಿಗೆ ಕೈ ಮುಗಿದ. ಕೆಟ್ಟವನಂತೆ ಕಾಣಲಿಲ್ಲ. (ಯಾರು ಕಾಣುತ್ತಾರೆ?)

ಅವನ ಹಿಂದೆ ಬಿಳಿ ಗೋಡೆ, ದೊಡ್ಡ ಟಿವಿ, ಸೋಫಾ. ಮುನಿರಾಜು ತಲೆಯಾಡಿಸಿದ. ದಲ್ಲಾಳಿ ಅವಸರ ಮಾಡಿದ. “ನೋಡಿದ್ರಲ್ಲ, ಮನೆ ಅರಮನೆ. ಮನೇಲಿ ಹೆಂಗಸು ಅಂದ್ರೆ ಅತ್ತೆ ಒಬ್ಬರೇ. ಗಂಡು ಮಕ್ಕಳು ಇಬ್ಬರೇ. ನಿಮ್ಮ ಮಗಳೇ ರಾಣಿ. ತಟ್ಟೆ ತರಿಸಿ.”

ಆಗ ಅಜ್ಜಿ ಅವರೆಕಾಯಿಯ ಮೊರವನ್ನು ಬದಿಗಿಟ್ಟಳು.

“ಮನೆ ನೋಡೋ ಸಾಸ್ತ್ರ ಆಗ್ದೆ ತಟ್ಟೆ ಎಂಗ್ಲಾ ತತ್ತೀರಾ?”

ನನ್ನ ಓದುಗರಿಗೆ ಗೊತ್ತು, ಹೆಣ್ಣು ನೋಡುವ ಶಾಸ್ತ್ರದ ವಿರುದ್ಧ ನಾನು ಎಷ್ಟು ಬರೆದಿದ್ದೇನೆಂದು. ಹುಡುಗಿಯನ್ನು ಸಂತೆಯ ಹಸುವಿನಂತೆ ನಿಲ್ಲಿಸಿ, ನಡೆಸಿ, ಹಾಡಿಸಿ ತೂಗುವುದು ಅವಮಾನ. ಅದರಲ್ಲಿ ರಾಜಿಯಿಲ್ಲ. ಆದರೆ ನಮ್ಮ ಈ ಸೀಮೆಯಲ್ಲಿ ಅದರ ಬೆನ್ನಿಗೇ ಇನ್ನೊಂದು ಶಾಸ್ತ್ರವಿದೆ. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುವುದು. ಗಂಡಸರು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ ಬೋರ್‌ವೆಲ್ಲಿನ ಇಂಚು ಮಾತನಾಡುತ್ತಾರೆ. ಹೆಂಗಸರು ಅಡುಗೆಮನೆಗೆ ಹೋಗುತ್ತಾರೆ. ಹಿತ್ತಲಿಗೆ ಹೋಗುತ್ತಾರೆ. ಅವರಲ್ಲೊಬ್ಬಳು ಸದ್ದಿಲ್ಲದೆ ಚೊಂಬು ಹಿಡಿದು ಪಕ್ಕದ ಮನೆಗೆ ಹೋಗಿ “ಒಂಚೂರು ಮಜ್ಜಿಗೆ ಕೊಡಮ್ಮಾ” ಎನ್ನುತ್ತಾಳೆ. ಅವಳಿಗೆ ಬೇಕಾದದ್ದು ಮಜ್ಜಿಗೆಯಲ್ಲ ಎಂಬುದು ಮಜ್ಜಿಗೆ ಕೊಡುವವಳಿಗೂ ಗೊತ್ತು. ಆ ಮನೆಯ ಗಂಡಸು ಕುಡಿಯುತ್ತಾನೆಯೇ, ಕೈ ಮಾಡುತ್ತಾನೆಯೇ, ಅತ್ತೆ ಉಣ್ಣಲು ಬಿಡುತ್ತಾಳೆಯೇ? ಎಲ್ಲವೂ ಗೋಡೆಯಾಚೆಯ ಹೆಂಗಸಿಗೆ ಕೇಳಿಸಿರುತ್ತದೆ. ಇದಕ್ಕೆ ನಮ್ಮ ಮನೆಗಳಲ್ಲಿ ‘ಮಜ್ಜಿಗೆಗೆ ಹೋಗುವುದು’ ಎಂದೇ ಹೆಸರು.

ಗಂಡಸರು ಬರೆದ ಶಾಸ್ತ್ರಗಳ ನಡುವೆ ಹೆಂಗಸರು ತಾವೇ ಮಾಡಿಕೊಂಡ ಒಂದು ಕಿಂಡಿ ಅದು.

“ಅಜ್ಜಿ, ಅದು ಸಮುದ್ರದಾಚೆ ಇರೋ ದೇಶ. ಅಲ್ಲಿಗೆ ಮಜ್ಜಿಗೆಗೆ ಹೋಗೋಕಾಗುತ್ತಾ?” ದಲ್ಲಾಳಿ ನಕ್ಕ. ಸೇರಿದ್ದ ನೆಂಟ ಗಂಡಸರೂ ನಕ್ಕರು.

“ಫೋನು ಓಗ್ತದಲ್ಲಪ್ಪಾ,” ಎಂದಳು ಅಜ್ಜಿ. “ಅಡಿಗೆಮನೆ ತೋರ್ಸಕ್ಕೇಳು.”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ರಾಜೇಶ್ ನಕ್ಕು, ಎದ್ದು, ಫೋನ್ ಹಿಡಿದು ನಡೆದ. ಅಡುಗೆಮನೆಯಲ್ಲಿ ಅವನ ತಾಯಿ ಒಲೆಯ ಮುಂದೆ ನಿಂತಿದ್ದರು. ತಲೆಯ ಮೇಲೆ ಸೆರಗು. ಆಂಧ್ರದ ಗಡಿಯ ಊರು ನಮ್ಮದು; ‘ನಮ್ಮೋರೇ’ ಅಂದರಲ್ಲ ಎಂದು ಅಜ್ಜಿ ತೆಲುಗಿನಲ್ಲೇ ಕೇಳಿದಳು: “ಏಮಿ ಕೂರ ಚೇಸಿನಾವಮ್ಮಾ?” ಏನು ಪಲ್ಯ ಮಾಡಿದ್ದೀಯಮ್ಮಾ? ಆಕೆಗೆ ಅರ್ಥವಾಯಿತು. ಕಣ್ಣು ಒಂದು ಕ್ಷಣ ಮಿನುಗಿತು. ಆದರೆ ಉತ್ತರಿಸುವ ಮುನ್ನ ಆಕೆ ಮಗನ ಮುಖ ನೋಡಿದರು.

ತನ್ನ ಅಡುಗೆಮನೆಯಲ್ಲಿ, ತಾನು ಮಾಡಿದ ಪಲ್ಯದ ಹೆಸರು ಹೇಳಲು.

ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ಆಗಲೇ ನನ್ನ ಕಡೆ ನೋಡುತ್ತಿದ್ದಳು. ವೆಂಕಟಲಕ್ಷ್ಮಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ಈಗ ಪಕ್ಕದ ಮನೆ,” ಎಂದಳು ಅಜ್ಜಿ.

ಕೋಣೆಯಲ್ಲಿ ನಗು ನಿಂತಿತು. ದಲ್ಲಾಳಿ ನನ್ನ ಕಡೆ ತಿರುಗಿ ದನಿ ತಗ್ಗಿಸಿದ. “ಮೇಡಂ, ನೀವು ಓದಿದವರು. ಇದು ಚೆನ್ನಾಗಿರಲ್ಲ. ಹುಡುಗನಿಗೆ ಅವಮಾನ ಆಗುತ್ತೆ.”

“ಹುಡುಗಿಯ ಮೈಬಣ್ಣದ ಫೋಟೊವನ್ನು ನೀವು ಬಿಸಿಲಲ್ಲೊಮ್ಮೆ ನೆರಳಲ್ಲೊಮ್ಮೆ ತೆಗೆಸಿದಿರಿ. ಅದು ಅವಮಾನವಲ್ಲವೆ?” ಎಂದೆ. (ಇದು ಭಾಷಣವಲ್ಲ, ಎರಡೇ ವಾಕ್ಯ.)

ನಾನು ರಾಜೇಶನಿಗೆ ಹೇಳಿದೆ. ಅವನು ತಡೆದ. ಕತ್ತಲಾಗುತ್ತಿದೆ ಎಂದ. ದಾರಿಯಲ್ಲಿ ನಾಯಿ ಇದೆ ಎಂದ. ನೆಟ್‌ವರ್ಕ್ ಸಿಗುವುದಿಲ್ಲ ಎಂದ. ಒಂದು ಕಾರಣವಾಗಿದ್ದರೆ ನಾನು ಒಪ್ಪುತ್ತಿದ್ದೆನೇನೋ.

“ಪರ್ವಾಗಿಲ್ಲ, ಕಾಯ್ತೀವಿ ಅನ್ನಿ ದೊಡ್ಡಮ್ಮ.”

ಹೀಗೆಂದವಳು ಪವಿತ್ರಾ. ಅಷ್ಟು ಹೊತ್ತು ಬಾಗಿಲ ಮರೆಯಲ್ಲಿ ನಿಲ್ಲಿಸಿದ್ದರು ಅವಳನ್ನು. ಈಗ ನಡುಮನೆಯ ನಡುವೆ ಬಂದು ನಿಂತಿದ್ದಳು. ಪಂಚೆಯ ಮೇಲಿದ್ದ ಯಾವುದೋ ದ್ವೀಪದ ಅರ್ಧ ಅವಳ ಸೀರೆಯ ಮೇಲೆ ಬಿದ್ದಿತ್ತು.

ರಾಜೇಶ್ ಹೊರಟ. ಫೋನಿನ ಪರದೆಯಲ್ಲಿ ಕೆಂಪು ಮಣ್ಣಿನ ದಾರಿ ಅಲುಗುತ್ತ ಬಂತು, ಎರಡೂ ಕಡೆ ಕಬ್ಬು. ನಮ್ಮ ಕೋಲಾರದ ಮಣ್ಣಿನದೇ ಬಣ್ಣ. ಆಕಾಶ ಕಪ್ಪಾಗುತ್ತಿತ್ತು. ಇಲ್ಲಿ ಹೊರಗೆ ಸುಡು ಬಿಸಿಲು. ಅಲ್ಲಿ ಪ್ರತಿ ಹೆಜ್ಜೆಗೂ ಬೆಳಕು ಇಳಿಯುತ್ತಿತ್ತು. ಪವಿತ್ರಾಳ ಉಸಿರು ನನ್ನ ಭುಜಕ್ಕೆ ತಾಗುತ್ತಿತ್ತು.

ತಗಡಿನ ಮನೆ. ಬಾಗಿಲಲ್ಲಿ ಒಬ್ಬ ಮುದುಕಿ. ರಾಜೇಶ್ ಹಿಂದಿಯಲ್ಲಿ ಏನೋ ಹೇಳಿ ಫೋನ್ ಅವಳ ಕೈಗಿಟ್ಟ. ಪಕ್ಕದಲ್ಲೇ ನಿಂತ.

“ನುವ್ವು ಅವತಲಿಕಿ ಪೋ ನಾಯನಾ,” ಎಂದಳು ನಮ್ಮ ಅಜ್ಜಿ. ನೀನು ಆಚೆಗೆ ಹೋಗಪ್ಪಾ. “ಎಂಗಸ್ರ ಮಾತೈತೆ ಅನ್ನಮ್ಮಾ ಅವನಿಗೆ.”

ನಾನು ಅನುವಾದಿಸಿದೆ. ಅವನು ನಾಲ್ಕು ಹೆಜ್ಜೆ ಸರಿದ. ಅವನ ಅಂಗಿಯ ತೋಳು ಪರದೆಯ ಅಂಚಿನಲ್ಲಿ ಕಾಣುತ್ತಲೇ ಇತ್ತು.

“ನೀ ಪೇರೇಮಮ್ಮಾ?” ಅಜ್ಜಿ ಹೆಸರು ಕೇಳಿದಳು.

“ಅಪ್ಪಲಮ್ಮ.”

ಹಿಂದಿ ಬೆರೆತು ಸವೆದ ತೆಲುಗು ಆಕೆಯದು. ಅವಳ ಅಜ್ಜಿ ಹಡಗಿನಲ್ಲಿ ತಂದದ್ದಂತೆ. ಪದಗಳು ಅಲ್ಲಲ್ಲಿ ಉದುರಿಹೋಗಿದ್ದವು. ಆದರೂ ನಮ್ಮ ಗಡಿಯೂರಿನ ಮುದುಕಿಗೂ ಆ ಮುದುಕಿಗೂ ನಡುವೆ ನಾನು ಬೇಕಾಗಲಿಲ್ಲ. ಮಜ್ಜಿಗೆ ಇದೆಯಾ ಎಂದು ಅಜ್ಜಿ ಕೇಳಿಯೇಬಿಟ್ಟಳು. ಅಪ್ಪಲಮ್ಮ ಬೊಚ್ಚುಬಾಯಿ ಬಿಟ್ಟು ನಕ್ಕಳು. ಫೋನಿನಲ್ಲಿ ಹೇಗೆ ಸುರಿಯಲಿ ಎಂದಳು. ಒಳ್ಳೆಯವರು, ಕಬ್ಬಿದೆ, ಟ್ರ್ಯಾಕ್ಟರ್ ಇದೆ, ಹುಡುಗ ಕುಡಿಯುವುದಿಲ್ಲ ಎಂದಳು. ಮುನಿರಾಜು ನಿಟ್ಟುಸಿರು ಬಿಟ್ಟ. ದಲ್ಲಾಳಿ ತಟ್ಟೆಯ ಕಡೆ ನೋಡಿದ.

ಅಜ್ಜಿ ಒಂದೇ ಒಂದು ಪ್ರಶ್ನೆ ಉಳಿಸಿಕೊಂಡಿದ್ದಳು. ಆ ಮನೆಯ ಹೆಂಗಸರು ನಿಮ್ಮ ಮನೆಗೆ ಬಂದು ಹೋಗಿ ಮಾಡುತ್ತಾರಾ?

ಅಪ್ಪಲಮ್ಮ ಅಂಗಿಯ ತೋಳು ಕಂಡ ಕಡೆ ಒಮ್ಮೆ ನೋಡಿದಳು. ಆಮೇಲೆ ಫೋನನ್ನು ಮುಖದ ಹತ್ತಿರಕ್ಕೆ ತಂದುಕೊಂಡಳು. ಪರದೆಯ ತುಂಬ ಅವಳ ಒಂದು ಕಣ್ಣು, ಅರ್ಧ ಮೂಗು.

ಮೊದಲು ಬಂದವಳು ಬರುತ್ತಿದ್ದಳು ಎಂದಳು.

ಮೊದಲು ಬಂದವಳು?

ದೊಡ್ಡವನ ಹೆಂಡತಿ. ಇಂಡಿಯಾದವಳು. ಮೊದಮೊದಲು ಫೋನ್ ಚಾರ್ಜಿಗೆ ಹಾಕಲು ಇಲ್ಲಿಗೆ ಬರುತ್ತಿದ್ದಳು. ಆಮೇಲೆ ಫೋನಿಲ್ಲದೆ ಬರುತ್ತಿದ್ದಳು. ನನ್ನ ಫೋನ್ ಕೇಳುತ್ತಿದ್ದಳು. ಆಮೇಲೆ ಬರಲಿಲ್ಲ. ನಮ್ಮೂರಲ್ಲಿ ಬಂಗಾರದ ಗಣಿ ಇದೆ ಅವ್ವಾ ಎನ್ನುತ್ತಿದ್ದಳು. ನಾನು ನಂಬುತ್ತಿರಲಿಲ್ಲ. ಬಂಗಾರ ಬೆಳೆಯುವ ಊರಿನಿಂದ ಯಾರಾದರೂ ಇಲ್ಲಿ ಕಬ್ಬು ಕಡಿಯಲು ಬರುತ್ತಾರಾ...

ಪರದೆಯ ಮೇಲೆ ಅಂಗಿಯ ತೋಳು ಅಡ್ಡ ಬಂತು. ಆಮೇಲೆ ಆಕಾಶ. ಆಮೇಲೆ ಏನೂ ಇಲ್ಲ.

“ನೆಟ್‌ವರ್ಕ್,” ಎಂದ ದಲ್ಲಾಳಿ.

ಗೋಣಿಚೀಲದ ಸಂದಿಯಿಂದ ಬಂದ ಬಿಸಿಲಿನ ಗೆರೆ ತಾಂಬೂಲದ ತಟ್ಟೆಯ ಮೇಲೆ ಬಿದ್ದಿತ್ತು.

“ಅಣ್ಣನಿಗೆ ಮದುವೆಯಾಗಿದ್ದು ನೀವು ಹೇಳಲಿಲ್ಲ,” ಎಂದೆ.

“ಅದು ನನ್ನ ಕೇಸಲ್ಲ ಮೇಡಂ. ಹಳೇ ಕತೆ. ಅಕ್ಕಪಕ್ಕದವರಿಗೆ ಹೊಟ್ಟೆಕಿಚ್ಚು ಇರುತ್ತೆ. ಜಮೀನಿನ ತಕರಾರು ಇರಬಹುದು.”

“ಗೋಣಿಚೀಲ ತೆಗೀಲಾ, ಉಸಿರು ಕಟ್ತೈತೆ,” ಎಂದಳು ಅಜ್ಜಿ ಮಗನಿಗೆ. ಅವನು ಕದಲಲಿಲ್ಲ. ವೆಂಕಟಲಕ್ಷ್ಮಿ ಎದ್ದು ಕಿತ್ತು ಹಾಕಿದಳು. ಬೆಳಕು ನುಗ್ಗಿತು. ಪಂಚೆಯ ಮೇಲಿನ ಸಮುದ್ರ ಅಳಿಸಿಹೋಗಿ ಬರೀ ಪಂಚೆ ಉಳಿಯಿತು.

ಮತ್ತೆ ಫೋನ್ ಬಂತು. ರಾಜೇಶ್ ಈಗ ಕತ್ತಲಲ್ಲಿ ನಿಂತಿದ್ದ, ಮುಖ ಅರ್ಧವೇ ಕಾಣುತ್ತಿತ್ತು. ಮಾತಿನ ಮೃದುತ್ವ ಮಾತ್ರ ಹಾಗೇ ಇತ್ತು. ಆ ಮುದುಕಿಗೆ ವಯಸ್ಸಾಗಿದೆ, ನೆನಪು ಕಲಸಿಹೋಗಿದೆ ಎಂದ. ಅತ್ತಿಗೆ ಇದ್ದದ್ದು ನಿಜ. ಹೊಂದಾಣಿಕೆಯಾಗಲಿಲ್ಲ, ವಾಪಸ್ ಹೋದಳು ಎಂದ. ಎಲ್ಲಿಗೆ ಎಂದು ಕೇಳಿದೆ. ‘ಇಂಡಿಯಾ’ ಎಂದ. ಯಾವಾಗ ಎಂದು ಕೇಳಿದೆ. ಅದೆಲ್ಲ ಅಣ್ಣನಿಗೆ ಗೊತ್ತು ಎಂದ.

ಪವಿತ್ರಾ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಅನುವಾದಕ್ಕೆ ನನ್ನತ್ತ ನೋಡಲಿಲ್ಲ. ಸರ್ಕಾರಿ ಶಾಲೆಯಲ್ಲಿ ಎಲ್ಲ ಮಕ್ಕಳೂ ಮೊದಲು ಕಲಿಯುವ ಇಂಗ್ಲಿಷ್ ವಾಕ್ಯ ಅವಳಿಗೆ ಸಾಕಾಗಿತ್ತು.

“ವಾಟ್ ಈಸ್ ಹರ್ ನೇಮ್?”

ಅವನು ತಿರುಗಿ ತನ್ನ ಮನೆಯ ಕಡೆ ನೋಡಿದ.

“ಹರ್ ನೇಮ್,” ಎಂದಳು ಮತ್ತೆ.

ಎಲ್ಲರೂ ‘ಬಹೂ’ ಎನ್ನುತ್ತಿದ್ದರು ಎಂದ ಅವನು. ಬಹೂ ಎಂದರೆ ಸೊಸೆ. ಅವನು ‘ಭಾಭಿ’ ಎನ್ನುತ್ತಿದ್ದನಂತೆ. ಹೆಸರು ತಕ್ಷಣಕ್ಕೆ ನೆನಪಿಗೆ ಬರುತ್ತಿಲ್ಲ ಎಂದ.

ಒಂದು ಹೆಣ್ಣು ಆ ಮನೆಯ ಒಲೆ ಹಚ್ಚಿದ್ದಾಳೆ, ಅವನಿಗೆ ಬಡಿಸಿದ್ದಾಳೆ, ಅವನ ಬಟ್ಟೆ ಒಗೆದಿರಲಿಕ್ಕೂ ಸಾಕು. ಹೆಸರು ನೆನಪಿಗೆ ಬರುತ್ತಿಲ್ಲ. ಮರೆತಿದ್ದರೆ ಅದೊಂದು ಬಗೆಯ ಅನ್ಯಾಯ. ಮರೆಯದೆ ಮರೆಮಾಚಿದ್ದರೆ ಇನ್ನೊಂದು. ಯಾವುದು ಹೆಚ್ಚು ಭಯಂಕರ ಎಂದು ನನಗೆ ಇನ್ನೂ ನಿರ್ಧರಿಸಲಾಗಿಲ್ಲ.

ಪವಿತ್ರಾ ಫೋನನ್ನು ಆರಿಸಿ ದಲ್ಲಾಳಿಯ ಪ್ರೊಜೆಕ್ಟರಿನ ಪಕ್ಕದಲ್ಲಿಟ್ಟಳು.

“ಅಪ್ಪಾ, ನಾನ್ ಓಗಲ್ಲ.”

ಮುನಿರಾಜು ಬಾಯಿ ತೆರೆದ. ಬಂಧುಗಳಿಗೆ ಹೇಳಿಯಾಗಿದೆ ಎನ್ನಬೇಕೆಂದಿದ್ದನೋ, ಪಾಸ್‌ಪೋರ್ಟು ಬಂದಿದೆ ಎನ್ನಬೇಕೆಂದಿದ್ದನೋ. (ಮಗಳ ಒಪ್ಪಿಗೆ ಕೇಳುವ ಮೊದಲು ಪಾಸ್‌ಪೋರ್ಟಿಗೆ ಓಡಾಡಿದ್ದ. ಈ ತಪ್ಪನ್ನು ಅವನ ಮುಂದೆಯೇ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.) ಆದರೆ ಮಾತು ಹೊರಡುವ ಮುನ್ನವೇ ಅವನ ತಾಯಿ ಮೊರವನ್ನೆತ್ತಿಕೊಂಡು ಎದ್ದಳು.

“ಮನೆ ನೋಡಿದ್ದಾಯ್ತು. ಏಳ್ರಪ್ಪಾ ಊಟಕ್ಕೆ. ಏ ಟ್ರಾವೆಲ್ಸು, ನೀನೂ ಉಂಡೋಗು. ನಿನ್ ಪಂಚೆ ಮಡಿಚ್ಕೋ.”

“ಪಂಚೆ ನಮ್ದೇ ಕಣಮ್ಮಾ,” ಎಂದ ಮುನಿರಾಜು, ತಲೆ ತಗ್ಗಿಸಿ.

ಇಲ್ಲಿಗೆ ಕತೆ ಮುಗಿಯಬಹುದಿತ್ತು. ನಮ್ಮ ಹುಡುಗಿ ಉಳಿದಳಲ್ಲ, ಹಿತುಕಿದ ಬೇಳೆ ಸಾರಿನಲ್ಲಿ ಮುದ್ದೆ ಉಂಡು ಬಂದಿರಲ್ಲ, ಸಾಲದೆ? ನನ್ನ ಹಿತೈಷಿಗಳು ಹೀಗೆಯೇ ಕೇಳಿದರು.

ಸಾಲದು. ‘ನಮ್ಮ ಹುಡುಗಿ’ ಎಂಬ ಪದವೇ ಸಾಲದು. ಬಂಗಾರದ ಗಣಿಯ ಊರಿನವಳು ಯಾರ ಹುಡುಗಿ?

ಸೋಮವಾರ ಬಂಗಾರಪೇಟೆಗೆ ಹೋದೆ. ದಲ್ಲಾಳಿಯ ಆಫೀಸಿನ ಗೋಡೆಯಲ್ಲಿ ಅದೇ ಸಮುದ್ರ, ಈಗ ಚೌಕಟ್ಟಿನೊಳಗೆ. ಕುರ್ಚಿ ಕೊಟ್ಟ. ಪಾನಿಪೂರಿ ತರಿಸಲೇ ಮೇಡಂ ಎಂದ. ಬಂಗಾರಪೇಟೆಯಲ್ಲಿ ಇದು ದೊಡ್ಡ ಮರ್ಯಾದೆ. ಬೇಡ, ಆ ಹುಡುಗಿಯ ಹೆಸರು ಕೊಡಿ ಎಂದೆ.

“ಕಸ್ಟಮರ್ ಪ್ರೈವೆಸಿ ಮೇಡಂ.”

“ನಿಮ್ಮ ಕೇಸಲ್ಲ ಅಂದಿರಿ. ಕಸ್ಟಮರ್ ಹೇಗಾದಳು?”

ಅವನ ನಗು ಮುಖದಲ್ಲೇ ಉಳಿಯಿತು. ಕಣ್ಣುಗಳಿಂದ ಮಾತ್ರ ಇಳಿಯಿತು. ಫೋನ್ ಬಂದಂತೆ ಎದ್ದು ಹೊರಗೆ ಹೋದ. ನಾನು ಕಾದೆ. ಅವನು ಬರಲಿಲ್ಲ.

ಅಲ್ಲಿಂದ ಒಂದು ಠಾಣೆಗೆ ಹೋದೆ. ಅಧಿಕಾರಿ ಸೌಜನ್ಯದಿಂದಲೇ ಕೇಳಿಸಿಕೊಂಡರು. ಕೊನೆಗೆ ಪೆನ್ನು ಎತ್ತಿದರು. “ಕಾಣೆಯಾದವರ ಹೆಸರು?” ಗೊತ್ತಿಲ್ಲ ಎಂದೆ. “ತಂದೆಯ ಹೆಸರು? ವಿಳಾಸ?” ಗೊತ್ತಿಲ್ಲ. ಪೆನ್ನು ಕೆಳಗಿಟ್ಟರು. “ಹೆಸರೇ ಇಲ್ಲದೆ ಏನಂತ ಬರ್ಕೊಳ್ಳೋದು ಮೇಡಂ? ಹೆಸರು ತನ್ನಿ, ನಾನೇ ಬರ್ಕೋತೀನಿ.”

ಇದು ಫಿಜಿಯ ವಿರುದ್ಧ ಬರೆದ ಲೇಖನವಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಇಂಥ ಮನೆಗಳು ರಾಬರ್ಟ್‌ಸನ್‌ಪೇಟೆಯಲ್ಲೂ ಇವೆ. ನಿಜ ನುಡಿದವಳು ಆ ದ್ವೀಪದ ಅಪ್ಪಲಮ್ಮ. ಮುಚ್ಚಿಟ್ಟವನು ನಮ್ಮ ಬಂಗಾರಪೇಟೆಯವನು. ಆ ರಾತ್ರಿ ಅಪ್ಪಲಮ್ಮನ ಬಾಗಿಲಿಗೆ ಯಾರು ಬಂದರೋ, ಏನೆಂದರೋ ಎಂಬ ಆತಂಕವೂ ನನ್ನನ್ನು ಬಿಟ್ಟಿಲ್ಲ. ಆಕೆಯ ನಂಬರ್ ಕೇಳಿಕೊಳ್ಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಅಲ್ಲಿನ ನಮ್ಮ ರಾಯಭಾರ ಕಚೇರಿಗೂ ಪತ್ರ ಬರೆದಿದ್ದೇನೆ. ಅವರಿಗೂ ಬೇಕಾಗಿರುವುದು ಹೆಸರೇ.

ಈ ಅಂಕಣದಲ್ಲಿ ಹೆಸರು ಬದಲಿಸಿ ಬರೆಯುತ್ತೇನೆ ಎಂದು ಪವಿತ್ರಾಗೆ ಮಾತು ಕೊಟ್ಟಿದ್ದೆ. ನಿನ್ನೆ ಡೈರಿಯಿಂದ ಫೋನ್ ಮಾಡಿದಳು.

“ಬದ್ಲಾಯಿಸ್ಬೇಡಿ ದೊಡ್ಡಮ್ಮ. ನನ್ನ ಎಸ್ರೇ ಆಕಿ. ನೋಡ್ದೋರು ಯಾರಾನಾ ಅವಳ ಎಸ್ರೂ ಏಳ್ಬೌದು.”

ಆದ್ದರಿಂದ ಆಂಡರ್ಸನ್‌ಪೇಟೆಯ, ಊರಿಗಾಂನ, ಚಾಂಪಿಯನ್ ರೀಫ್‌ನ, ಮಾರಿಕುಪ್ಪಂನ ಓದುಗರೇ, ಬಂಗಾರಪೇಟೆಯ ಓದುಗರೇ, ನಿಮ್ಮ ಲೈನ್‌ನಲ್ಲಿ, ನಿಮ್ಮ ಬೀದಿಯಲ್ಲಿ, ಎಂದಾದರೂ ಯಾರದೋ ಮನೆಯ ಕಿಟಕಿಗೆ ಹಗಲಲ್ಲೇ ಗೋಣಿಚೀಲ ಸಿಕ್ಕಿಸಿದ್ದು ನೆನಪಿದೆಯೇ? ಆ ಮನೆಯ ಮಗಳು ಮೆಹೆಂದಿಯ ಕೈಯಲ್ಲಿ ಸೂಟ್‌ಕೇಸ್ ಹಿಡಿದು ಹೋದದ್ದು? ಹೋದ ಮೇಲೆ ಮೊದಮೊದಲು ಫೋನ್ ಮಾಡಿ, ಆಮೇಲೆ ಬೇರೆ ಬೇರೆ ನಂಬರಿನಿಂದ ಮಾಡಿ, ಆಮೇಲೆ ನಿಲ್ಲಿಸಿದ್ದು?

ಅಷ್ಟು ದ್ವೀಪಗಳ ಹೆಸರನ್ನು ತಡವರಿಸದೆ ಹೇಳಿದವನು ಹೇಳುತ್ತಿಲ್ಲ. ನೀವು ಹೇಳಿ, ಅವಳ ಹೆಸರೇನು?